ಚಿಲ್ಲರೆ ಕೆಲಸ

ಹರೆಯದಲ್ಲಿ ಮಾಡಿದ ಚಿಲ್ಲರೆ ಕೆಲಸಗಳನ್ನು ನೆನೆಯುವಾಗ ಎಲ್ಲರ ದನಿಯಲ್ಲೂ ತುಸು ಹಿಗ್ಗು ಇರುತ್ತದೆ. ಆ ಹಿಗ್ಗು ಕೆಲಸದ್ದೋ, ಅದರಿಂದ ಪಾರಾಗಿ ಬಂದುದರದ್ದೋ?

ಚಾಂಪಿಯನ್ ರೀಫ್ಸ್‌ನವರಾದ ನಮಗೆ ಈ ಪ್ರಶ್ನೆ ತಪ್ಪಿದ್ದಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಹಾಕಿದ ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ, ಬಂಡೆಯೇ ಕಾದಿರುವ ಕಡೆಗೆ ಇಳಿಯುತ್ತಿದ್ದವರು ಕೆಲಸವಿಲ್ಲದೆ ಮೇಲೆ ನಿಂತರು. ಆಗ ನಾವು ಇಪ್ಪತ್ತರ ಆಸುಪಾಸಿನವರು. ಸೈಕಲ್ಲಿಗೆ ಪಂಕ್ಚರ್ ಹಾಕಿದೆವು, ಶಾದಿ ಮಹಲ್‌ಗಳಲ್ಲಿ ದೇಗ್ ತೊಳೆದೆವು, ಬೆಳಗಿನ ರೈಲಿನಲ್ಲಿ ಬಂಗಾರಪೇಟೆ ದಾಟಿ ಬೆಂಗಳೂರಿಗೆ ಹೋಗಿ ಗೇಟು ಕಾದೆವು. ಅದೇ ಬೋಗಿಯಲ್ಲಿ ಗಣಿ ಬಿಟ್ಟ ಚಾಚಾಗಳು, ಅಣ್ಣಂದಿರು ಇರುತ್ತಿದ್ದರು. ಯಾವ ಬಂಡೆ ಎಲ್ಲಿ ಸೀಳುತ್ತದೆಂದು ಬಲ್ಲವರು ಅವರು. ಅವರೂ ಗೇಟು ಕಾಯಲೆಂದೇ ಹೊರಟವರು. ಕೆಲಸ ಒಂದೇ, ಕೂಲಿಯೂ ಹೆಚ್ಚುಕಡಿಮೆ ಒಂದೇ. ನಮಗದು ಮೆಟ್ಟಿಲು, ಅವರಿಗೆ ಕೊನೆಯ ನಿಲ್ದಾಣ.

ಹಲಾಲ್ ದುಡಿಮೆಯಲ್ಲಿ ಮೇಲು ಕೀಳಿಲ್ಲ ಎನ್ನುವುದು ನಿಜ. ಆದರೆ ಬಿಟ್ಟು ಹೋಗಬಲ್ಲವನಿಗೆ ಕಷ್ಟವೂ ಕತೆಯಾಗುತ್ತದೆ. ಬಿಡಲಾಗದವನಿಗೆ ಅದು ನಾಳೆಯೂ ಕಷ್ಟವೇ. ಆದ್ದರಿಂದ ದುಡಿಮೆಯ ಘನತೆಯನ್ನು ನಮ್ಮ ನೆನಪಿನ ಸವಿಯಿಂದ ಅಳೆಯಲಾಗದು. ಆ ಕೆಲಸದಲ್ಲೇ ಮುಪ್ಪಾಗುವವನಿಗೆ ಮನೆ ನಡೆಯುವಷ್ಟು ಕೂಲಿ, ಕೂರಲು ಒಂದು ಕುರ್ಚಿ, ಹೆಸರು ಹಿಡಿದು ಮಾತಾಡಿಸುವ ಜನ ಸಿಗುತ್ತಾರೆಯೇ ಎಂಬುದೇ ಅಳತೆಗೋಲು. ಇವತ್ತು ನಮಗಾಗಿ ಗೇಟು ತೆಗೆಯುವವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?