ಬಡಿಸುವವನೇ ಕಾಯುವವನು

ಕ್ರೂಸ್ ಹಡಗಿನಲ್ಲಿ ನಮಗೆ ಬೆಳಿಗ್ಗೆ ಆಮ್ಲೆಟ್ ತಂದುಕೊಡುವ ಹುಡುಗನಿಗೆ ಇನ್ನೊಂದು ಕೆಲಸವೂ ಇರುತ್ತದೆ. ಅಪಾಯದ ಸೈರನ್ ಕೂಗಿದರೆ ಎಲ್ಲಿ ನಿಲ್ಲಬೇಕು, ಯಾರನ್ನು ಯಾವ ದೋಣಿಯ ಕಡೆ ಕಳಿಸಬೇಕು ಎಂದು ಪಟ್ಟಿಯಲ್ಲಿ ಅವನಿಗೆ ಮೊದಲೇ ಗೊತ್ತುಮಾಡಿರುತ್ತಾರೆ. ಮೆಡಿಟರೇನಿಯನ್ನಿನಲ್ಲಿ ಒಂದು ವಾರ ಸುತ್ತಿದಾಗ ನನಗೆ ಇದು ತಿಳಿದದ್ದು, ನಮ್ಮ ಟೇಬಲ್ಲಿನ ಹುಡುಗ ಕುಂದಾಪುರದ ಕಡೆಯವನಾದ್ದರಿಂದ. ದಿನಕ್ಕೆ ಎಷ್ಟು ಗಂಟೆ ಕೆಲಸ ಎಂದು ಕೇಳಿದೆ. “ಹತ್ತು, ಹನ್ನೊಂದು ಆಗ್ತದೆ ಅಕ್ಕ. ವಾರದ ರಜೆ ಅಂತೆಲ್ಲ ಇಲ್ಲ. ಕಾಂಟ್ರಾಕ್ಟ್ ಮುಗಿದ ಮೇಲೇ ರಜೆ,” ಎಂದು ನಕ್ಕ. (ಪ್ರಯಾಣದ ಕೊನೆಗೆ ತುಂಬಿಸಿಕೊಳ್ಳುವ ಫಾರ್ಮಿನಲ್ಲಿ ಆ ನಗುವಿಗೂ ನಾವು ಅಂಕ ಕೊಡಬೇಕು.)

ಕಾನೂನು ಇಲ್ಲವೆಂದಲ್ಲ. 2006ರ ಕಡಲ ಕಾರ್ಮಿಕರ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ದೇಶಗಳು ಎರಡರಲ್ಲೊಂದು ಲೆಕ್ಕ ಆರಿಸಿಕೊಳ್ಳಬಹುದು: ಗರಿಷ್ಠ ದುಡಿಮೆ ಅಥವಾ ಕನಿಷ್ಠ ವಿಶ್ರಾಂತಿ. ವಿಶ್ರಾಂತಿಯ ಲೆಕ್ಕ ಹಿಡಿದರೆ ದಿನಕ್ಕೆ 10 ಗಂಟೆ, ವಾರಕ್ಕೆ 77 ಗಂಟೆ ಬಿಡುವು ಸಾಕು. ಅಂದರೆ ವಾರದಲ್ಲಿ 91 ಗಂಟೆ ದುಡಿಸಿದರೂ ನಿಯಮ ಪಾಲಿಸಿದಂತೆಯೇ! ಕಂಪನಿ ಒಂದು ದೇಶದ್ದು, ಹಡಗಿನ ಬಾವುಟ ಬಹಾಮಾಸ್‌ನದೋ ಪನಾಮಾದ್ದೋ. ದೂರು ಕೊಡುವವನು ಯಾವ ಬಾಗಿಲು ತಟ್ಟಬೇಕು?

ನನ್ನಂಥ ಪ್ರಯಾಣಿಕರಿಗೆ ಇದು ತಟ್ಟುವಂತೆ ಹೇಳಲು ಒಂದು ಸುಲಭದ ದಾರಿಯಿದೆ, ಭಯ. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದಾಗ ಅದರಲ್ಲಿ 4,200ಕ್ಕೂ ಹೆಚ್ಚು ಜನರಿದ್ದರು. 32 ಮಂದಿ ಸತ್ತರು. ಪ್ರಯಾಣಿಕರಿನ್ನೂ ಒಳಗಿರುವಾಗಲೇ ಹಡಗು ಬಿಟ್ಟ ಕ್ಯಾಪ್ಟನ್‌ಗೆ ಮುಂದೆ 16 ವರ್ಷ ಜೈಲಾಯಿತು. ಕಟ್ಟಕಡೆಗೆ, 2014ರ ನವೆಂಬರಿನಲ್ಲಿ, ಸಿಕ್ಕಿದ್ದು ಒಬ್ಬ ಭಾರತೀಯ ವೇಟರನ ಅವಶೇಷ. ಇಂಥ ರಾತ್ರಿಯಲ್ಲಿ ನಮ್ಮ ಕೈ ಹಿಡಿಯುವವನು ನಿದ್ದೆಗೆಟ್ಟವನಾದರೆ? ಆದ್ದರಿಂದ ಅವನಿಗೆ ಬಿಡುವು ಕೊಡಿ. ಈ ವಾದಕ್ಕೆ ಎಲ್ಲರೂ ತಲೆಯಾಡಿಸುತ್ತಾರೆ.

ನನಗೆ ಇರುಸುಮುರುಸಾಗುವುದು ಇಲ್ಲೇ. ಈ ವಾದದಲ್ಲಿ ಅವನು ಇನ್ನೂ ನನ್ನ ಲೈಫ್ ಜಾಕೆಟ್ಟು. ಹರಿಯದಂತೆ ನೋಡಿಕೊಳ್ಳಬೇಕು, ಅಷ್ಟೆ. ಮನುಷ್ಯನನ್ನು ಬರೀ ಸಾಧನವಾಗಿ ಕಾಣಬಾರದೆಂದ ಕಾಂಟ್ ಇದನ್ನು ಒಪ್ಪುತ್ತಿರಲಿಲ್ಲ. ಆ ಹುಡುಗನೂ ಈ ಕೆಲಸ ಬಯಸಿಯೇ ಬಂದವನು, ಊರಿನಲ್ಲಿ ಮನೆ ಕಟ್ಟಿಸುತ್ತಿದ್ದಾನೆ ಎನ್ನಬಹುದು. ನಿಜ. ಆದರೆ ಅವನು ಒಪ್ಪಿದ್ದು ಸಂಬಳಕ್ಕೆ. ನನ್ನ ಜೀವಕ್ಕಿಂತ ತನ್ನ ಜೀವ ಅಗ್ಗ ಎಂಬ ಮಾತಿಗಲ್ಲ.

ನನ್ನ ಸುರಕ್ಷತೆಯೂ ಅವನ ಸುರಕ್ಷತೆಯೂ ಒಂದೇ ದಿಕ್ಕಿಗಿರುವವರೆಗೆ ಭಯದ ವಾದ ನಡೆಯುತ್ತದೆ. 2020ರ ಫೆಬ್ರುವರಿಯಲ್ಲಿ ಯೊಕೊಹಾಮಾದಲ್ಲಿ ನಿಂತಿದ್ದ ಡೈಮಂಡ್ ಪ್ರಿನ್ಸೆಸ್‌ನಲ್ಲಿ ಅವೆರಡೂ ಬೇರೆಯಾದವು. ಕೊರೊನಾ ಹಬ್ಬದಿರಲೆಂದು ಪ್ರಯಾಣಿಕರನ್ನು ಕೋಣೆಗಳಲ್ಲೇ ಇರಿಸಿದರು. ಹಾಗಾದರೆ ಊಟ ಬಾಗಿಲಿಗೆ ಬರಬೇಕಲ್ಲ? ಸಿಬ್ಬಂದಿ ತಂದರು, ರಾತ್ರಿ ಹಂಚಿಕೊಂಡ ಸಣ್ಣ ಕೋಣೆಗಳಲ್ಲಿ ಮಲಗಿದರು. ಹಡಗಿನಲ್ಲಿದ್ದ 138 ಭಾರತೀಯರಲ್ಲಿ 132 ಮಂದಿ ಸಿಬ್ಬಂದಿ. ಅವರಲ್ಲಿ ಕೆಲವರು ವಿಡಿಯೊ ಮಾಡಿ, ತಮ್ಮನ್ನೂ ಬೇರೆ ಇರಿಸಿ ಎಂದು ಬೇಡಿಕೊಂಡರು. ಅಂದು ಬಾಲ್ಕನಿ ಕೋಣೆಯಲ್ಲಿ ನಾನಿದ್ದಿದ್ದರೆ, ಬಾಗಿಲು ತಟ್ಟಿದಾಗ ತಟ್ಟೆ ತೆಗೆದುಕೊಳ್ಳುತ್ತಿದ್ದೆ.