ಔಷಧದಲ್ಲಿ ಹಿಂಸೆ ಎಲ್ಲಿದೆ?

ಮುಧೋಳದ ಬೇಟೆನಾಯಿ ಲೋಕಪ್ರಸಿದ್ಧ. 2005ರಲ್ಲಿ ಭಾರತೀಯ ಅಂಚೆ ಇಲಾಖೆಯು ಅದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಗಳ ಹೊಲಮನೆಗಳಲ್ಲಿ ನಾಯಿ ಕಾವಲಿಗೆ, ಬೆಕ್ಕು ಕಾಳಿನ ಕೋಣೆಯ ಇಲಿಗಳಿಗೆ. ಈ ಸೀಮೆಯಲ್ಲಿ ಒಕ್ಕಲುತನದ ಶ್ರಾವಕ ಕುಟುಂಬಗಳೂ ಬಹಳ. ಅಂಥ ಮನೆಯ ನಾಯಿ ಜ್ವರದಿಂದ ಮಲಗಿದಾಗ ವೈದ್ಯರು ಬ್ಯಾಕ್ಟೀರಿಯಾ ಸೋಂಕೆಂದು ನಿರ್ಣಯಿಸಿ ಪ್ರತಿಜೀವಕ ಔಷಧವನ್ನು ಬರೆದುಕೊಡುತ್ತಾರೆ. ಜೀವಕ್ಕೆ ಪ್ರತಿಯಾದುದೆಂದು ಹೆಸರೇ ಸಾರುತ್ತದೆ! ಒಂದು ಜೀವವನ್ನು ಉಳಿಸಲು ಅಸಂಖ್ಯಾತ ಜೀವಗಳನ್ನು ಅಳಿಸಬಹುದೇ?

ಮೊದಲ ಆಕ್ಷೇಪವು ಸಾಕಣೆಯ ಕುರಿತಾದದ್ದು. ಸ್ವಾಮಿ ಕಾರ್ತಿಕೇಯಾನುಪ್ರೇಕ್ಷೆಯು ಬೆಕ್ಕು ಮೊದಲಾದ ಹಿಂಸ್ರಪ್ರಾಣಿಗಳನ್ನು ಸಾಕುವುದನ್ನು ಅನರ್ಥದಂಡದಲ್ಲಿ ಎಣಿಸಿದೆ. ಆದರೆ ಸಾಕಬಾರದೆಂಬುದು ಬೇರೆ, ಬಾಗಿಲಲ್ಲಿ ನರಳುತ್ತಿರುವುದನ್ನು ಕೈಬಿಡುವುದು ಬೇರೆ. ಭಾಸ್ಕರ ಕವಿಯು 1424ರಲ್ಲಿ ಕನ್ನಡಿಸಿದ ಜೀವಂಧರನ ಕಥೆಯಲ್ಲಿ ನಾಯಕನು ಪೆಟ್ಟು ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು ಹೇಳುತ್ತಾನೆ. ಆ ನಾಯಿ ಯಾರು ಸಾಕಿದ್ದು, ಏನು ತಿನ್ನುತ್ತಿತ್ತು ಎಂದು ಅವನು ವಿಚಾರಿಸಲಿಲ್ಲ.

ಪ್ರಾಚೀನ ಶಾಸ್ತ್ರಗಳಲ್ಲಿ ಬ್ಯಾಕ್ಟೀರಿಯಾ ಎಂಬ ಹೆಸರಿಲ್ಲ. ಅವುಗಳನ್ನು ಏಕೇಂದ್ರಿಯಗಳೊಡನೆ ಎಣಿಸುವವರುಂಟು. ನಾಯಿಯೋ ಪಂಚೇಂದ್ರಿಯ ಜೀವಿ. ಇಂದ್ರಿಯಗಳ ಲೆಕ್ಕ ಹಾಕಿ ಪ್ರಶ್ನೆಯನ್ನು ಮುಗಿಸುವುದು ಸುಲಭ, ಆದರೆ ಅದು ವ್ಯಾಪಾರಿಯ ಲೆಕ್ಕವಾದೀತು. ಆಚಾರ್ಯರು ಹಿಂಸೆಯ ಮೂಲವನ್ನು ಕಂಡದ್ದು ಪ್ರಮಾದದಲ್ಲಿ. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಬಿಡಲೇಬೇಕು. ರಕ್ಷಣೆಗಾಗಿ ಒದಗುವ ವಿರೋಧೀ ಹಿಂಸೆಯನ್ನು ಪೂರ್ಣವಾಗಿ ಬಿಡಲಾರ. ರೋಗಿಯನ್ನು ಉಳಿಸಲು ಕೊಟ್ಟ ಔಷಧವು ಈ ಎರಡನೆಯದಕ್ಕೆ ಸಮೀಪವಾದುದು. ಹಾಗಾದರೆ ಪ್ರಮಾದ ಎಲ್ಲಿ?

ಉಣ್ಣಿಯ ಕಡಿತದಿಂದ ಹರಡುವ ಎರ್ಲಿಕಿಯಾ ಎಂಬ ಸೋಂಕನ್ನೇ ನೋಡಬಹುದು. ನಾಯಿ ಅನ್ನ ಬಿಡುತ್ತದೆ, ಒಸಡು ಬಿಳಚುತ್ತದೆ, ಕೆಲವೊಮ್ಮೆ ಮೂಗಿನಿಂದ ರಕ್ತ ಸೋರುತ್ತದೆ. ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಸಾಮಾನ್ಯವಾಗಿ 28 ದಿನ ಕೊಡಬೇಕು. ಆದರೆ ಎರಡು ಮೂರು ದಿನಗಳಲ್ಲೇ ನಾಯಿ ಎದ್ದು ಬಾಲ ಅಲ್ಲಾಡಿಸತೊಡಗುತ್ತದೆ. ಮನೆಯವರಿಗೆ ಹರ್ಷ, ಉಳಿದ ಮಾತ್ರೆಗಳು ಗೂಡಿನಲ್ಲೇ ಉಳಿಯುತ್ತವೆ, ‘ಇನ್ನೇಕೆ ಆ ಜೀವಗಳ ಹಿಂಸೆ’ ಎಂಬ ದಯೆಯ ಮಾತೂ ಜೊತೆಗೆ ಬರುತ್ತದೆ. ಒಳಗೆ ಉಳಿದ ಸೋಂಕು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಅಡಗಿದ್ದು, ಕೊನೆಗೆ ರಕ್ತ ಹುಟ್ಟುವ ಅಸ್ಥಿಮಜ್ಜೆಯನ್ನೇ ಕೆಡಿಸಬಲ್ಲದು. ಆಗ ಅಳಿದ ಸೂಕ್ಷ್ಮಜೀವಗಳೂ ವ್ಯರ್ಥ, ನಾಯಿಯೂ ಇಲ್ಲ.

ಇದಕ್ಕೆ ವಿಪರೀತವಾದ ತಪ್ಪು ಬೇಕಿಲ್ಲದೆ ಕೊಡುವುದು. ಚರ್ಮದ ಮೇಲಿನ ಕೀವುಗುಳ್ಳೆಗಳಿಗೆ ಹೆಚ್ಚಾಗಿ ಕಾರಣವಾಗುವುದು ಸ್ಟೆಫಿಲೊಕಾಕಸ್ ಸೂಡಿಂಟರ್‌ಮೀಡಿಯಸ್. ಸೋಂಕು ಮೇಲ್ಮೈಯಲ್ಲಿದ್ದರೆ ಕ್ಲೋರ್‌ಹೆಕ್ಸಿಡಿನ್ ದ್ರಾವಣದಿಂದ ತೊಳೆಯುವುದೇ ಬಹಳ ಸಲ ಸಾಕು. ಅಂಗಡಿಯಿಂದ ತಂದ ಯಾವುದೋ ಮಾತ್ರೆಯನ್ನು ಪದೇ ಪದೇ ನುಂಗಿಸಿದರೆ ಔಷಧಕ್ಕೆ ಜಗ್ಗದ ತಳಿಗಳು ಉಳಿದು ಬೆಳೆಯುತ್ತವೆ. ಅವು ಮನುಷ್ಯರಿಗೂ ದಾಟಬಲ್ಲವು. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಉಪನ್ಯಾಸದಲ್ಲಿಯೇ ಅರೆಪ್ರಮಾಣದ ಔಷಧದ ಅಪಾಯವನ್ನು ಎಚ್ಚರಿಸಿದ್ದರು. ಬೆಕ್ಕಿಗೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಒಣದಾಗಿ ನುಂಗಿಸಿ ನೀರು ಕೊಡದಿದ್ದರೆ ಅನ್ನನಾಳ ಸುಡುತ್ತದೆ. ಕರುಣೆಗೆ ಇಷ್ಟು ಸಣ್ಣ ತಿಳಿವಳಿಕೆಯೂ ಬೇಕು.

ಕಠಿಣವಾದ ಪ್ರಶ್ನೆ ಇನ್ನೂ ಉಳಿದಿದೆ. ಮಾತ್ರೆಗೆ ಅಳುಕದವನು ಉಣ್ಣಿಯ ಮುಂದೆ ಅಳುಕುತ್ತಾನೆ. ಅದು ಕಣ್ಣಿಗೆ ಕಾಣುವ ತ್ರಸಜೀವ. ಅದನ್ನು ಬಿಟ್ಟರೆ ರೋಗ ಮರಳಿ ಬರುತ್ತದೆ. ಇಲ್ಲಿ ಪೂರ್ಣ ನಿರ್ದೋಷವಾದ ದಾರಿಯಿದೆಯೆಂದು ಹೇಳುವುದು ಆತ್ಮವಂಚನೆ. ಆದರೆ ಉಣ್ಣಿ ತನ್ನ ಆಯುಷ್ಯದ ಬಹುಭಾಗವನ್ನು ಕಳೆಯುವುದು ನಾಯಿಯ ಮೈಮೇಲಲ್ಲ, ಗೋಡೆಯ ಬಿರುಕುಗಳಲ್ಲಿ. ಹೆಣ್ಣೊಂದು ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಮಳೆಗಾಲಕ್ಕೆ ಮೊದಲೇ ಬಿರುಕುಗಳನ್ನು ಮೆತ್ತಿ, ನಾಯಿಯ ಹಾಸನ್ನು ಒಗೆದು ಒಣಗಿಸಿ, ದಿನವೂ ಮೈ ಬಾಚಿದ ಮನೆಯಲ್ಲಿ ಕೊಲ್ಲುವ ಪ್ರಸಂಗಗಳೇ ಕಡಿಮೆ. ನೀರನ್ನು ಸೋಸಿ ಕುಡಿಯುವ, ಜೀವೋತ್ಪತ್ತಿಯಾಗದಂತೆ ಧಾನ್ಯವನ್ನು ಕಾಯುವ ಶ್ರಾವಕರಿಗೆ ಈ ಯತ್ನಾಚಾರ ಹೊಸದಲ್ಲ. ಇಷ್ಟಾದ ಮೇಲೂ ಒದಗಿದ ಹಿಂಸೆಯನ್ನು ಅವರು ಸಂಜೆಯ ಪ್ರತಿಕ್ರಮಣದಲ್ಲಿ ಹೆಸರಿಸಿ ಹೇಳಿಕೊಳ್ಳುತ್ತಾರೆ, ಮರುದಿನ ಬೆಳಿಗ್ಗೆ ಮತ್ತೆ ಬಾಚಣಿಗೆಯನ್ನು ಕೈಗೆತ್ತಿಕೊಳ್ಳುತ್ತಾರೆ.