ಶಿಲುಬೆಯ ಹಾದಿ, ಸುಗ್ಗಿಯ ಹಾದಿ



ತಪಸ್ಸುಕಾಲದ ಶುಕ್ರವಾರಗಳಂದು ನಮ್ಮ ದೇವಾಲಯದಲ್ಲಿ ಶಿಲುಬೆಯ ಹಾದಿ ನಡೆಯುವಾಗ ಅರ್ಧ ಜಾಗ ಖಾಲಿ ಇರುತ್ತದೆ. ಭಕ್ತಿ ಕಡಿಮೆಯಾಗಿದೆ ಅಂತಲ್ಲ, ಜನ ಊರಲ್ಲಿಲ್ಲ. ಕೋಸಿಗಿ, ಕೌತಾಳ, ಹೊಳಗುಂದಿ, ಆಲೂರು ಕಡೆಯ ಹಳ್ಳಿಗಳಲ್ಲಿ ಆ ಹೊತ್ತಿಗೆ ಎಷ್ಟೋ ಮನೆಗಳಿಗೆ ಬೀಗ. ಗಂಡ ಹೆಂಡತಿ ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸಲು ಹೋಗಿರುತ್ತಾರೆ, ಇಲ್ಲವೇ ಬೆಂಗಳೂರಿನಲ್ಲಿ ಕಟ್ಟಡ ಕೆಲಸಕ್ಕೆ. ಉಳಿದವರು ಅಜ್ಜ, ಅಜ್ಜಿ ಮತ್ತು ಶಾಲೆಗೆ ಹೋಗುವ ಮಕ್ಕಳು. ಬೇರೆ ಕಡೆಯ ಕನ್ನಡದಲ್ಲಿ ಸುಗ್ಗಿ ಎಂದರೆ ಹಬ್ಬ. ನಮ್ಮ ಕಡೆ 'ಸುಗ್ಗಿಗೆ ಹೋದರು' ಎಂದರೆ ಊರು ಬಿಟ್ಟು ಹೋದರು ಎಂದರ್ಥ.

ಈ ನೆಲಕ್ಕೆ ಕಷ್ಟ ಹೊಸದಲ್ಲ. 1876ರಿಂದ 1878ರವರೆಗಿನ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಇಡೀ ಮದ್ರಾಸ್ ಪ್ರಾಂತ್ಯದಲ್ಲೇ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಕರ್ನೂಲೂ ಸೇರಿದ್ದವು. ಆಗ ಆದೋನಿ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಮಳೆ ಕೈಕೊಟ್ಟರೆ ಗಂಟು ಕಟ್ಟಿಕೊಂಡು ಹೊರಡುವುದು ನಮ್ಮ ಮುತ್ತಜ್ಜಂದಿರ ಕಾಲದಿಂದ ಬಂದ ಮಾತು. ಹಾಗಾಗಿ 'ನೋವಿಗೆ ಅರ್ಥವಿದೆಯೇ' ಎಂಬ ಪ್ರಶ್ನೆ ನಮಗೆ ಪುಸ್ತಕದ ಪ್ರಶ್ನೆಯಲ್ಲ, ಮನೆಯ ಪ್ರಶ್ನೆ. ಯುವಜನರಾದ ನಾವು ಈ ಪ್ರಶ್ನೆಯ ಮುಂದೆ ಒಮ್ಮೆ ಎಡವಿ ಬಿದ್ದೆವು. ಅದನ್ನು ನಿಮ್ಮ ಮುಂದೆ ಹೇಳಿಕೊಳ್ಳಬೇಕು ಅನ್ನಿಸಿದೆ.

ಕೆಲವು ವರ್ಷಗಳ ಹಿಂದೆ, ತಪಸ್ಸುಕಾಲ ಶುರುವಾಗುವ ಮುಂಚೆ, ಸುಗ್ಗಿಗೆ ಹೋಗಿದ್ದ ಒಂದು ಕುಟುಂಬ ಅರ್ಧಕ್ಕೇ ವಾಪಸ್ಸು ಬಂತು. ಟ್ರ್ಯಾಕ್ಟರ್ ಟ್ರೇಲರಿನಿಂದ ಬಿದ್ದು ಮನೆಯ ಯಜಮಾನನ ಕಾಲು ಮುರಿದಿತ್ತು. ಆಸ್ಪತ್ರೆಗೆಂದು ಮಾಡಿದ ಸಾಲ ಬೇರೆ. ನಾವು ನಾಲ್ಕೈದು ಮಂದಿ ಯುವಕ ಯುವತಿಯರು ನೋಡಲು ಹೋದೆವು. ಕೈಯಲ್ಲಿ ಬಿಸ್ಕತ್ತು, ಬಾಯಲ್ಲಿ ಒಳ್ಳೆಯ ಮಾತು. "ದೇವರು ತಾನು ಪ್ರೀತಿಸುವವರನ್ನೇ ಪರೀಕ್ಷಿಸುತ್ತಾನೆ ಅಕ್ಕ" ಎಂದು ನಮ್ಮಲ್ಲೊಬ್ಬರು ಹೇಳಿದರು. ಉಳಿದವರು ತಲೆಯಾಡಿಸಿದೆವು. ಒಲೆಯ ಮುಂದೆ ಕೂತಿದ್ದ ಆ ಅಕ್ಕ ತಲೆ ಎತ್ತದೆ ಹೇಳಿದರು:

"ಹಂಗಾದ್ರ ದೇವ್ರು ನಮ್ಮನ್ನ ಅಷ್ಟೊಂದು ಪ್ರೀತಿ ಮಾಡಾದು ಬ್ಯಾಡ ಬಿಡಪ್ಪ."

ನಮ್ಮ ಬಳಿ ಉತ್ತರ ಇರಲಿಲ್ಲ. ಬೇಗ ಒಂದು ಪರಲೋಕ ಜಪ ಹೇಳಿ ಎದ್ದು ಬಂದೆವು. ದಾರಿಯಲ್ಲಿ ಯಾರೂ ಮಾತಾಡಲಿಲ್ಲ. ಆ ಅಕ್ಕನ ವಿಶ್ವಾಸ ಗಟ್ಟಿಯಿಲ್ಲ ಎಂದು ನಮ್ಮಲ್ಲಿ ಒಬ್ಬಿಬ್ಬರಿಗೆ ಅನ್ನಿಸಿದ್ದೂ ಉಂಟು. ಈಗ ಯೋಚಿಸಿದರೆ, ಅಂದು ಆ ಮನೆಯಲ್ಲಿ ದೇವರ ಹತ್ತಿರ ನಿಜವಾಗಿ ಮಾತಾಡಿದವರು ಅವರೊಬ್ಬರೇ.

ಸಂತ ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯ ತೆಗೆದು ನೋಡೋಣ. ಹುಟ್ಟುಕುರುಡನೊಬ್ಬ ದಾರಿಯಲ್ಲಿ ಕಾಣುತ್ತಾನೆ. ಶಿಷ್ಯರ ಮೊದಲ ಪ್ರಶ್ನೆ: ಇದು ಯಾರ ಪಾಪದ ಫಲ, ಇವನದೋ, ಹೆತ್ತವರದೋ? ಇಬ್ಬರದೂ ಅಲ್ಲ ಎನ್ನುತ್ತಾರೆ ಯೇಸುಸ್ವಾಮಿ. ದೇವರ ಕಾರ್ಯ ಇವನಲ್ಲಿ ಕಾಣಿಸಿಕೊಳ್ಳಬೇಕು, ಹಗಲಿರುವಾಗಲೇ ಆ ಕೆಲಸ ಮಾಡಬೇಕು ಎನ್ನುತ್ತಾರೆ. ಹೇಳಿ ಸುಮ್ಮನೆ ಮುಂದೆ ಹೋಗುವುದಿಲ್ಲ. ನೆಲದ ಮೇಲೆ ಉಗುಳಿ, ಮಣ್ಣು ಕಲಸಿ, ಅವನ ಕಣ್ಣಿಗೆ ಹಚ್ಚುತ್ತಾರೆ. ಶಿಷ್ಯರು ಹಿಂದಕ್ಕೆ ನೋಡಿ ಕಾರಣ ಹುಡುಕಿದರು. ಪ್ರಭು ಬಗ್ಗಿ ಮಣ್ಣಿಗೆ ಕೈ ಹಾಕಿದರು. ನಮ್ಮ ಎರೆ ಹೊಲದಲ್ಲಿ ಕೆಲಸ ಮಾಡಿದವರಿಗೆ ಈ ಚಿತ್ರ ಚೆನ್ನಾಗಿ ಅರ್ಥವಾಗುತ್ತದೆ: ಮಣ್ಣು ಮುಟ್ಟದೆ ಯಾವ ಕೆಲಸವೂ ಆಗುವುದಿಲ್ಲ.

ಅಂದು ಆ ಮನೆಯಲ್ಲಿ ನಾವು ಶಿಷ್ಯರ ಜಾಗದಲ್ಲಿ ನಿಂತಿದ್ದೆವು. ಕಾರಣ ಕೊಟ್ಟೆವು, ಕೈ ಕೊಡಲಿಲ್ಲ.

ಯೋಬನ ಗೆಳೆಯರನ್ನೂ ನೆನೆಯೋಣ. ಅವನ ಸಂಕಟ ಕೇಳಿ ಬಂದ ಅವರು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಎಂಟನೆಯ ದಿನದಿಂದ ಬಾಯಿ ತೆರೆದು, 'ನೀನೇನೋ ತಪ್ಪು ಮಾಡಿರಬೇಕು' ಎಂದು ವಾದಕ್ಕಿಳಿದರು. ಕೊನೆಗೆ ದೇವರು ಸಿಟ್ಟಾದದ್ದು ದೇವರ ಪರವಾಗಿ ವಾದಿಸಿದ ಆ ಗೆಳೆಯರ ಮೇಲೆ. ತನ್ನ ಬಗ್ಗೆ ಸರಿಯಾಗಿ ಮಾತಾಡಿದವನು ಅತ್ತು ಕೂಗಿ ಜಗಳಾಡಿದ ಯೋಬನೇ ಎಂದು ದೇವರು ಹೇಳಿದರು.

ನಮ್ಮಲ್ಲಿ ಕೆಲವರು ಬಿ.ಎಸ್ಸಿ. ಓದಿದವರು. ಮುರಿದ ಎಲುಬು ಹೇಗೆ ಕೂಡುತ್ತದೆ ಎಂಬುದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆವು. ಆ ಮನೆಗೆ ಮತ್ತೆ ಮತ್ತೆ ಹೋಗುವಾಗ ಆ ಪಾಠ ಬೇರೆ ರೀತಿಯಲ್ಲಿ ನೆನಪಾಯಿತು. ಎಲುಬು ಮುರಿದಾಗ ಮೊದಲು ಬೇಕಾದದ್ದು ಅಲುಗಾಡದ ಹಾಗೆ ಹಿಡಿದಿಡುವ ಆಸರೆ. ಅದಕ್ಕೇ ಹಿಟ್ಟಿನ ಕಟ್ಟು. ವೈದ್ಯರು ಎಲುಬನ್ನು ಅಂಟಿಸುವುದಿಲ್ಲ, ಜೋಡಿಸಿ ಹಿಡಿದಿಡುತ್ತಾರೆ. ಒಳಗೆ ದೇಹವೇ ಮುರಿದ ಜಾಗದ ಸುತ್ತ ಮೆತ್ತನೆಯ ಹೊಸ ಗಂಟೊಂದನ್ನು ಕಟ್ಟುತ್ತದೆ, ಅದು ವಾರಗಟ್ಟಲೆ ನಿಧಾನವಾಗಿ ಗಟ್ಟಿಯಾಗುತ್ತದೆ. ಆಮೇಲೆ ಎರಡನೆಯ ಹಂತ: ಆ ಕಾಲಿನ ಮೇಲೆ ಸ್ವಲ್ಪ ಸ್ವಲ್ಪವಾಗಿ ಭಾರ ಬೀಳಬೇಕು. ಭಾರ ಎಲ್ಲಿ ಬೀಳುತ್ತದೋ ಅಲ್ಲಿ ಎಲುಬು ಬಲವಾಗಿ ಬೆಳೆಯುತ್ತದೆ. ಮೊದಲ ದಿನವೇ ಭಾರ ಹೊರಿಸಿದರೆ ಎಲುಬು ಮತ್ತೆ ಜರುಗುತ್ತದೆ. ಎಂದೂ ಭಾರ ಕೊಡದಿದ್ದರೆ ಕೂಡಿದ ಎಲುಬೂ ಸೊರಗುತ್ತದೆ.

ಮನಸ್ಸಿನ ಗಾಯಕ್ಕೂ ಇದೇ ಕ್ರಮ ಎಂದು ನಮಗೆ ತೋರುತ್ತದೆ. ಮೊದಲು ಹಿಡಿದುಕೊಳ್ಳುವವರು ಬೇಕು, ಆಮೇಲೆ ಒಂದು ಕೆಲಸ ಬೇಕು. 'ಈ ನೋವಿನಿಂದ ನೀನು ಏನು ಕಲಿತೆ' ಎಂದು ಮೊದಲ ದಿನವೇ ಕೇಳುವುದು ಹಸಿ ಎಲುಬಿನ ಮೇಲೆ ಮೂಟೆ ಇಟ್ಟ ಹಾಗೆ.

ನಾವು ಎರಡನೆಯ ವಾರ ಹೋದಾಗ ಉಪದೇಶ ಮಾಡಲಿಲ್ಲ. ಹುಡುಗರು ನೀರು ಹೊತ್ತು ತಂದರು. ಹುಡುಗಿಯರು ಅಕ್ಕನ ಜೊತೆ ಕೂತು ಅಕ್ಕಿ ಆರಿಸಿದರು. ಒಬ್ಬರು ಆಸ್ಪತ್ರೆಯ ಚೀಟಿಗಳನ್ನೆಲ್ಲ ಜೋಡಿಸಿ, ಮುಂದೆ ಯಾವಾಗ ತೋರಿಸಬೇಕೆಂದು ಕ್ಯಾಲೆಂಡರಿನಲ್ಲಿ ಬರೆದಿಟ್ಟರು. ಹೊರಡುವಾಗ ಅಕ್ಕನೇ "ಒಂದು ಜಪ ಹೇಳಿ ಹೋಗ್ರಿ" ಅಂದರು. ನಾವು ಅಭ್ಯಾಸಬಲದಿಂದ ತೆಲುಗಿನಲ್ಲಿ ಶುರು ಮಾಡಿದೆವು. ಮಂಚದ ಮೇಲಿಂದ ಅವರ ಅತ್ತೆ, ಆ ಮುದುಕಮ್ಮ, "ನಮ್ಮ ಮಾತಿನಾಗ ಹೇಳ್ರಿ" ಅಂದರು.

ಇದು ಚಿಕ್ಕ ಮಾತಲ್ಲ. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದವು. ಅಂದಿನಿಂದ ಶಾಲೆ, ಕಚೇರಿ, ಬಸ್ಸಿನ ಬೋರ್ಡು ಹೆಚ್ಚಾಗಿ ತೆಲುಗು. ನಮ್ಮ ಬಲಿಪೂಜೆಯೂ ಹೆಚ್ಚಾಗಿ ತೆಲುಗಿನಲ್ಲೇ. ಅದರಲ್ಲಿ ನಮಗೆ ದೂರು ಏನೂ ಇಲ್ಲ. ತೆಲುಗು ಸಹೋದರರ ಜೊತೆ ಒಂದೇ ಪರಮಪ್ರಸಾದ ಹಂಚಿಕೊಂಡು ಬೆಳೆದವರು ನಾವು. ಆದರೆ ನೋವು ಬಂದಾಗ ಮನುಷ್ಯ ನರಳುವುದು ತಾಯಿಯ ಮಾತಿನಲ್ಲಿ. ಶಿಲುಬೆಯ ಮೇಲೆ ಪ್ರಭು ಕೂಗಿದ ಕೂಗನ್ನು ಮಾರ್ಕನು ಅವರ ಮನೆಮಾತಾದ ಅರಮಾಯಿಕ್‌ನಲ್ಲೇ ಬರೆದಿಟ್ಟಿದ್ದಾನೆ. ರೋಗಿಯ ಮಂಚದ ಬಳಿ ರೋಗಿಯ ಭಾಷೆಯಲ್ಲಿ ಜಪ ಹೇಳುವುದೂ ಒಂದು ಸೇವೆ ಎಂದು ಅಂದು ಕಲಿತೆವು.

ಕಾಲಿನ ಕಟ್ಟು ಇನ್ನೂ ಇರುವಾಗಲೇ ಆ ಮನೆಯ ಅಣ್ಣ ಸಂಜೆ ಹೊತ್ತು ಹೊರಗೆ ಕಟ್ಟೆಯ ಮೇಲೆ ಕೂರತೊಡಗಿದರು. ಓಣಿಯಲ್ಲಿ ಅಪ್ಪ ಅಮ್ಮ ಸುಗ್ಗಿಗೆ ಹೋದ ಮಕ್ಕಳು ಬಹಳ. ಕತ್ತಲಾಗುವಾಗ ಅವರಿಗೆ ಮನೆ ಖಾಲಿ ಅನ್ನಿಸುತ್ತದೆ. ಒಬ್ಬೊಬ್ಬರೇ ಬಂದು ಇವರ ಸುತ್ತ ಕೂತರು. ಇವರು ಐದನೆಯ ತರಗತಿವರೆಗೆ ಮಾತ್ರ ಓದಿದವರು. ಮಗ್ಗಿ ಹೇಳಿಸಿದರು, ಜಪಸರ ಹೇಳಿಸಿದರು, ಯಾರು ಊಟ ಮಾಡಿಲ್ಲ ಎಂದು ವಿಚಾರಿಸಿದರು. ಹತ್ತನೆಯ ತರಗತಿಯ ಇಬ್ಬರು ಹುಡುಗರು ಪರೀಕ್ಷೆ ಬಿಟ್ಟು ಗುಂಟೂರಿಗೆ ಹೊರಟು ನಿಂತಾಗ ಅವರನ್ನು ಕೂರಿಸಿಕೊಂಡು, ಖಾರ ತಿಂದು ಸುಟ್ಟ ತನ್ನ ಬೆರಳುಗಳನ್ನು ತೋರಿಸಿದರು: "ಈ ಕೈಲಿ ಕೂಸಿನ ಕಣ್ಣು ಒರೆಸಾಕ ಬರಂಗಿಲ್ಲ. ನೀವು ಓದ್ರಿ." ಒಬ್ಬ ಉಳಿದು ಪರೀಕ್ಷೆ ಬರೆದ. ಇನ್ನೊಬ್ಬ ಹೋದ.

ಈ ಹುಡುಗರಿಗಾಗಿಯೇ ದೇವರು ಅವರ ಕಾಲು ಮುರಿದರು ಎಂದು ನಾವು ಹೇಳುವುದಿಲ್ಲ. ಮಕ್ಕಳಿಗೆ ಪಾಠ ಸಿಗಲೆಂದು ತಂದೆಯ ಕಾಲು ಮುರಿಯುವ ದೇವರನ್ನು ಯೇಸು ನಮಗೆ ತೋರಿಸಿಲ್ಲ. ಆದರೆ ಮುರಿದ ಕಾಲನ್ನೂ ದೇವರು ವ್ಯರ್ಥವಾಗಲು ಬಿಡಲಿಲ್ಲ ಎಂದು ನಾವು ಕಣ್ಣಾರೆ ಕಂಡದ್ದನ್ನು ಹೇಳುತ್ತೇವೆ. ಸಂತ ಪೌಲರು ಕೊರಿಂಥಿಯರಿಗೆ ಬರೆದ ಎರಡನೆಯ ಪತ್ರದ ಮೊದಲ ಅಧ್ಯಾಯದಲ್ಲಿ ಹೇಳುವುದೂ ಇದನ್ನೇ: ನಮ್ಮ ಸಂಕಟದಲ್ಲಿ ದೇವರಿಂದ ನಮಗೆ ಸಿಕ್ಕ ಸಾಂತ್ವನ ನಮ್ಮಲ್ಲೇ ನಿಲ್ಲಲು ಬಂದದ್ದಲ್ಲ, ಸಂಕಟದಲ್ಲಿರುವ ಬೇರೆಯವರಿಗೆ ದಾಟಿಸಲು ಬಂದದ್ದು.

1981ರ ಮೇ 13ರಂದು ಗುಂಡೇಟು ತಿಂದು ಬದುಕುಳಿದ ಪೋಪ್ ದ್ವಿತೀಯ ಜಾನ್ ಪೌಲರು 1984ರ ಫೆಬ್ರವರಿ 11ರಂದು, ಲೂರ್ದು ಮಾತೆಯ ಸ್ಮರಣೆಯ ದಿನ, ಮಾನವನ ನೋವಿನ ಬಗ್ಗೆ ಒಂದು ಪ್ರೇಷಿತ ಪತ್ರ ಬರೆದರು. ಅದರ ಕೊನೆಯ ಭಾಗದಲ್ಲಿ ಅವರು ನಮ್ಮನ್ನು ಕರೆದೊಯ್ಯುವುದು ಒಳ್ಳೆಯ ಸಮಾರ್ಯನ ಬಳಿಗೆ. ನೋವು ಪಡುವವನು ತನ್ನ ನೋವನ್ನು ಕ್ರಿಸ್ತರ ನೋವಿನೊಂದಿಗೆ ಸೇರಿಸಬಹುದು. ನೋಡುವವನು ದಾರಿಯಲ್ಲಿ ನಿಂತು ಗಾಯ ಕಟ್ಟಬೇಕು. ಎರಡೂ ಬೇಕು. ಮುಂದೆ ಅದೇ ಫೆಬ್ರವರಿ 11ನ್ನು ಅವರು ವಿಶ್ವ ರೋಗಿಗಳ ದಿನವನ್ನಾಗಿ ಮಾಡಿದರು.

ಆ ಅಣ್ಣನ ಕಾಲು ಕೂಡಿದೆ, ಆದರೆ ಸ್ವಲ್ಪ ಸೊಟ್ಟಗಿದೆ. ಇಂದಿಗೂ ಕುಂಟುತ್ತಾರೆ. ಸಾಲ ಪೂರ್ತಿ ತೀರಿಲ್ಲ. ಪುನರುತ್ಥಾನರಾದ ಪ್ರಭುವಿನ ಕೈಗಳಲ್ಲೂ ಮೊಳೆಯ ಗುರುತು ಹಾಗೇ ಇತ್ತು. ಅನುಮಾನಪಟ್ಟ ಸಂತ ತೋಮರಿಗೆ ಯೇಸು ತೋರಿಸಿದ್ದು ಅದನ್ನೇ. ಗುಣವಾಗುವುದು ಎಂದರೆ ಗುರುತು ಅಳಿಯುವುದು ಎಂದು ನಾವು ಅಂದುಕೊಂಡಿದ್ದೆವು. ಗಾಯದ ಗುರುತನ್ನೇ ತೋರಿಸಿ ಇನ್ನೊಬ್ಬರಿಗೆ ಧೈರ್ಯ ಹೇಳಲು ಸಾಧ್ಯವಾದ ದಿನವೂ ಗುಣವಾದ ದಿನವೇ.

ಹಾಗಾದರೆ ಈ ತಪಸ್ಸುಕಾಲದಲ್ಲಿ ನಾವೇನು ಮಾಡೋಣ?

ನೋವಿರುವ ಮನೆಗೆ ಹೋಗೋಣ. ಹೋದಾಗ ಮೊದಲು ಕೂರೋಣ. 'ಯಾಕೆ ಹೀಗಾಯಿತು' ಎಂದು ವಿವರಿಸಲು ಹೋಗದೆ, 'ಏನು ಬೇಕು' ಎಂದು ಕೇಳೋಣ. ಐದನೆಯ ಸ್ಥಳದಲ್ಲಿ ಸಿರೇನ್ ಊರಿನ ಸಿಮೋನನನ್ನು ನಾವು ನೆನೆಯುತ್ತೇವಲ್ಲ, ಅವನು ಹಳ್ಳಿ ಕಡೆಯಿಂದ ಬರುತ್ತಿದ್ದ ಒಬ್ಬ ದಾರಿಹೋಕ. ಪ್ರಭುವಿಗೆ ಅವನು ಒಂದು ಮಾತನ್ನೂ ಹೇಳಿದ ದಾಖಲೆಯಿಲ್ಲ. ಹೆಗಲು ಕೊಟ್ಟ, ಅಷ್ಟೇ.

ಅಪ್ಪ ಅಮ್ಮ ಸುಗ್ಗಿಗೆ ಹೋಗಿರುವ ಒಂದು ಮಗುವನ್ನಾದರೂ ನಮ್ಮ ಮನೆಯ ಮಗುವಿನ ಜೊತೆ ಸಂಜೆ ಓದಿಗೆ ಕೂರಿಸಿಕೊಳ್ಳೋಣ.

ಹಾಸಿಗೆ ಹಿಡಿದವರಿದ್ದರೆ ಗುರುಗಳಿಗೆ ತಿಳಿಸೋಣ. ರೋಗಿಗಳ ಅಭ್ಯಂಗ ಸಂಸ್ಕಾರ ಸಾಯುವವರಿಗೆ ಮಾತ್ರ ಎಂಬ ಭಯ ಬೇಡ. ಅದು ಕಾಯಿಲೆಯಲ್ಲಿರುವವರಿಗೆ ಬಲ ಕೊಡುವ ಸಂಸ್ಕಾರ. ಹಾಗೆಯೇ ಜಪ ಮಾಡುತ್ತೇವೆಂದು ಔಷಧಿ ನಿಲ್ಲಿಸುವುದೂ ಬೇಡ. ಕಟ್ಟು ಹಾಕುವ ವೈದ್ಯರ ಕೈಯೂ ದೇವರ ಕೆಲಸವನ್ನೇ ಮಾಡುತ್ತದೆ.

ನಮ್ಮ ಯುವ ಗೆಳೆಯರಿಗೆ ಒಂದು ಮಾತು. ಕೆಲಸ ಸಿಗದೆ, ಪರೀಕ್ಷೆ ಫೇಲಾಗಿ, ಮನೆಯ ಸಾಲ ನೋಡಿ, ಬದುಕೇ ಬೇಡ ಅನ್ನಿಸಿದ ರಾತ್ರಿಗಳು ನಮ್ಮಲ್ಲೂ ಹಲವರಿಗೆ ಬಂದಿವೆ. ಅದು ವಿಶ್ವಾಸದ ಕೊರತೆಯಲ್ಲ, ಗಾಯ. ಒಬ್ಬರೇ ಹೊರಬೇಡಿ. ನಮ್ಮಲ್ಲಿ ಯಾರಿಗಾದರೂ ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು.

ಇನ್ನು, ಇದೇ ಹೊತ್ತಿನಲ್ಲಿ ಮೆಣಸಿನಕಾಯಿ ಹೊಲಗಳಲ್ಲಿ ಬಾಗಿ ನಿಂತಿರುವ ನಮ್ಮವರಿಗೆ: ಅಕ್ಕಂದಿರೇ, ಅಣ್ಣಂದಿರೇ, ದೇವಾಲಯದಲ್ಲಿ ನಿಮ್ಮ ಜಾಗ ಖಾಲಿ ಇದೆ, ಅದನ್ನು ನೋಡಿದಾಗಲೆಲ್ಲ ನಿಮ್ಮನ್ನು ನೆನೆಯುತ್ತೇವೆ. ಹದಿನಾಲ್ಕು ಸ್ಥಳಗಳನ್ನು ನಾವಿಲ್ಲಿ ಒಂದು ಗಂಟೆಯಲ್ಲಿ ಮುಗಿಸುತ್ತೇವೆ, ನೀವು ತಿಂಗಳುಗಟ್ಟಲೆ ನಡೆಯುತ್ತೀರಿ. ನಿಮ್ಮ ಮಕ್ಕಳು ನಮ್ಮ ಜೊತೆ ಇದ್ದಾರೆ.

ಜಪಿಸೋಣ: ಪ್ರಭು ಯೇಸುವೇ, ನಿಮ್ಮ ಗಾಯಗಳನ್ನು ನೀವು ಮುಚ್ಚಿಡಲಿಲ್ಲ. ನಮ್ಮ ಗಾಯಗಳನ್ನು ನಿಮಗೆ ತೋರಿಸುವ ಧೈರ್ಯ ಕೊಡಿ. ಉತ್ತರ ತಿಳಿಯದ ಕಡೆ ಸುಮ್ಮನಿರುವ ವಿನಯ ಕೊಡಿ. ಭಾರ ಕಂಡ ಕಡೆ ಹೆಗಲು ಕೊಡುವ ಮನಸ್ಸು ಕೊಡಿ. ಸುಗ್ಗಿಗೆ ಹೋದವರೆಲ್ಲ ಕ್ಷೇಮವಾಗಿ ಮನೆ ಸೇರಲಿ. ಆಮೆನ್.

ಕ್ರಿಸ್ತನಲ್ಲಿ ನಿಮ್ಮ,
ಧರ್ಮಕೇಂದ್ರದ ಯುವಜನರು